ಒಕ್ಕೂಟದಿಂದ ಹೊರಡುವ ಧರ್ಮ

ಕೂಡಿ ಬಾಳಿದವರು ಬೇರೆಯಾಗುವುದು ಲೋಕದಲ್ಲಿ ಹೊಸ ಮಾತಲ್ಲ. ಮನೆ ಒಡೆಯುತ್ತದೆ, ಪಾಲುವ್ಯಾಪಾರ ಮುರಿಯುತ್ತದೆ, ಒಂದೇ ಗುರುಪೀಠದಿಂದ ಎರಡು ಮಠಗಳು ಕವಲೊಡೆಯುತ್ತವೆ. ಇಂಥ ವಿಭಾಗಗಳಿಗೆ ನಮ್ಮ ಧರ್ಮಶಾಸ್ತ್ರಕಾರರು ವಿಧಿಗಳನ್ನು ಬರೆದಿಟ್ಟಿದ್ದಾರೆ. ಆದರೆ ಒಂದು ಸ್ವತಂತ್ರ ದೇಶವು ತಾನಾಗಿಯೇ ಸೇರಿಕೊಂಡಿದ್ದ ರಾಷ್ಟ್ರಗಳ ಒಕ್ಕೂಟವನ್ನು, ಯುದ್ಧವಿಲ್ಲದೆ, ರಕ್ತ ಸುರಿಯದೆ, ಚೀಟಿಯ ಮೇಲೆ ಗುರುತು ಹಾಕಿ ಬಿಟ್ಟುಬರುವುದು ನ್ಯಾಯವೇ, ನ್ಯಾಯವಾದರೆ ಯಾವ ಕ್ರಮದಿಂದ ಬಿಡತಕ್ಕದ್ದು ಎಂಬ ಪ್ರಶ್ನೆಯು ಈ ಕಾಲದ್ದು. ಬ್ರಿಟನ್ ದೇಶವು 2016ನೆಯ ಇಸವಿ ಜೂನ್ 23ರಂದು ತನ್ನ ಪ್ರಜೆಗಳ ಮತವನ್ನು ಕೇಳಿ, 2020ನೆಯ ಇಸವಿ ಜನವರಿ 31ರಂದು ಐರೋಪ್ಯ ಒಕ್ಕೂಟವನ್ನು ಬಿಟ್ಟಿತು. ಇದರಿಂದ ಆ ದೇಶಕ್ಕೆ ಲಾಭವೋ ನಷ್ಟವೋ ಎಂಬುದನ್ನು ಅರ್ಥಶಾಸ್ತ್ರಜ್ಞರು ಇಂದಿಗೂ ಲೆಕ್ಕ ಹಾಕುತ್ತಿದ್ದಾರೆ. ಆ ಲೆಕ್ಕ ಅವರಿಗೇ ಇರಲಿ. ನಾನು ಇದನ್ನು ಧರ್ಮವಿಚಾರವಾಗಿ ನೋಡಬೇಕೆಂದಿದ್ದೇನೆ. ಹಾಗೆ ನೋಡುವುದಕ್ಕೆ ನನಗೆ ಒಂದು ಸ್ವಂತ ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಪೂರ್ವಕಥೆ. ಜರ್ಮನಿ ಫ್ರಾನ್ಸುಗಳು 1870ರಿಂದ 1945ರವರೆಗಿನ ಮುಕ್ಕಾಲು ಶತಮಾನದಲ್ಲಿ ಮೂರು ಸಲ ಒಂದರ ಮೇಲೊಂದು ಬಿದ್ದು ಕಾದಾಡಿದವು. ಕಡೆಯ ಎರಡು ಸಲ ಲೋಕವನ್ನೆಲ್ಲ ಆ ಬೆಂಕಿಗೆ ಎಳೆದವು. 1950ನೆಯ ಇಸವಿ ಮೇ 9ರಂದು ಫ್ರಾನ್ಸಿನ ವಿದೇಶಾಂಗಮಂತ್ರಿ ರಾಬರ್ಟ್ ಶೂಮಾನರು ಒಂದು ಯೋಜನೆಯನ್ನು ಮುಂದಿಟ್ಟರು. ಯುದ್ಧಕ್ಕೆ ಬೇಕಾದುವು ಕಲ್ಲಿದ್ದಲು ಮತ್ತು ಉಕ್ಕು; ಇವೆರಡನ್ನೂ ಎರಡು ದೇಶಗಳ ಕೈಯಿಂದ ತೆಗೆದು ಒಂದು ಸಮಾನಾಧಿಕಾರದ ವಶಕ್ಕೆ ಕೊಟ್ಟರೆ, ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬನು ಕತ್ತಿ ಮಸೆಯುವುದು ಸಾಧ್ಯವಾಗದು ಎಂಬುದು ಅದರ ತಿರುಳು. 1951ರಲ್ಲಿ ಆರು ದೇಶಗಳು ಇದಕ್ಕೆ ರುಜು ಹಾಕಿದವು. 1957ರಲ್ಲಿ ಅವೇ ಆರು ದೇಶಗಳು ರೋಮ್ ನಗರದಲ್ಲಿ ಕೂಡಿ, ಸುಂಕದ ಕಟ್ಟೆಗಳಿಲ್ಲದ ಸಾಮಾನ್ಯ ಮಾರುಕಟ್ಟೆಯ ಕರಾರನ್ನು ಮಾಡಿಕೊಂಡವು. ಬ್ರಿಟನ್ ಆಗ ಹೊರಗೆ ನಿಂತಿತು. 1946ರಲ್ಲಿ ಜ್ಯೂರಿಕ್ ನಗರದಲ್ಲಿ ಯೂರೋಪಿನ ಸಂಯುಕ್ತ ಸಂಸ್ಥಾನಗಳು ಏಳಲೆಂದು ಉಪದೇಶಿಸಿದ ಚರ್ಚಿಲ್ಲರೇ ತಮ್ಮ ದೇಶವನ್ನು ಆ ಮನೆಯ ಹಿತೈಷಿಯೆಂದು ಭಾವಿಸಿದ್ದರಲ್ಲದೆ ಮನೆಯವರೆಂದು ಭಾವಿಸಿರಲಿಲ್ಲ.

ಮುಂದೆ ಆ ಆರು ದೇಶಗಳ ಸಮೃದ್ಧಿಯನ್ನು ಕಂಡು ಬ್ರಿಟನ್ನಿಗೆ ಮನಸ್ಸು ತಿರುಗಿತು. 1961ರಲ್ಲಿ ಅರ್ಜಿ ಹಾಕಿತು. 1963ರಲ್ಲಿ ಫ್ರಾನ್ಸಿನ ದ ಗಾಲ್ ಬೇಡವೆಂದರು. 1967ರಲ್ಲಿ ಮತ್ತೆ ಬಾಗಿಲು ತಟ್ಟಿತು. ಅವರು ಮತ್ತೆ ಬೇಡವೆಂದರು. ಈ ದ್ವೀಪದವರ ಕಣ್ಣು ಸಮುದ್ರದಾಚೆಗೇ ಹೊರತು ನಮ್ಮ ಕಡೆಗಿಲ್ಲವೆಂಬುದು ಆ ವೃದ್ಧಸೇನಾನಿಯ ಆಕ್ಷೇಪ. ಅಹಂಕಾರದ ಮನುಷ್ಯನೆಂದು ಆಗ ಎಲ್ಲರೂ ಅವರನ್ನು ಬಯ್ದರು. ಆದರೆ ಅರ್ಧ ಶತಮಾನ ಕಳೆದ ಮೇಲೆ ನೋಡಿದರೆ ಆ ಬೈಗುಳನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸುತ್ತದೆ. ದ ಗಾಲ್ ಅಧಿಕಾರ ಬಿಟ್ಟ ಮೇಲೆ, ಎಡ್ವರ್ಡ್ ಹೀತರ ಕಾಲದಲ್ಲಿ, 1973ನೆಯ ಇಸವಿ ಜನವರಿ 1ರಂದು ಬ್ರಿಟನ್ ಒಳಕ್ಕೆ ಬಂದಿತು. ಎರಡು ವರ್ಷಗಳ ಮೇಲೆ, 1975ರ ಜೂನಿನಲ್ಲಿ, ಇರೋಣವೇ ಬಿಡೋಣವೇ ಎಂದು ಪ್ರಜೆಗಳನ್ನು ಕೇಳಿದಾಗ ನೂರಕ್ಕೆ 67 ಮಂದಿ ಇರೋಣವೆಂದರು.

ಇಲ್ಲಿ ನಮ್ಮ ಶಾಸ್ತ್ರದ ಒಂದು ವಿಭಾಗವನ್ನು ನೆನೆದುಕೊಳ್ಳಬೇಕು. ಮನು ಮೊದಲಾದವರು ವ್ಯವಹಾರಪದಗಳು ಹದಿನೆಂಟೆಂದು ಎಣಿಸಿದ್ದಾರೆ. ಅವುಗಳಲ್ಲಿ ಸಂಭೂಯಸಮುತ್ಥಾನವೆಂಬುದು ಒಂದು, ದಾಯವಿಭಾಗವೆಂಬುದು ಇನ್ನೊಂದು. ಮೊದಲನೆಯದು ವರ್ತಕರು ಲಾಭಾರ್ಥವಾಗಿ ಬಂಡವಾಳ ಕೂಡಿಸಿ ಮಾಡುವ ಪಾಲುವ್ಯಾಪಾರ. ಎರಡನೆಯದು ಹುಟ್ಟಿನಿಂದ ಒಂದಾಗಿರುವ ಕುಟುಂಬದವರು ಆಸ್ತಿಯನ್ನು ಹಂಚಿಕೊಳ್ಳುವ ವಿಷಯ. ಎರಡರಲ್ಲಿಯೂ ಜನ ಕೂಡಿರುತ್ತಾರೆ, ಎರಡರಲ್ಲಿಯೂ ಬೇರೆಯಾಗುತ್ತಾರೆ. ಆದರೆ ನಿಯಮಗಳು ಬೇರೆ, ನೋವೂ ಬೇರೆ. ಲಾಭವಿಲ್ಲದ ಪಾಲುವ್ಯಾಪಾರವನ್ನು ಬಿಟ್ಟವನನ್ನು ಯಾರೂ ಕೃತಘ್ನನೆನ್ನುವುದಿಲ್ಲ. ಬೆಳೆ ಕೆಟ್ಟ ವರ್ಷ ಅಣ್ಣನನ್ನು ಬಿಟ್ಟುಹೋದ ತಮ್ಮನನ್ನು ಊರೇ ಮಾತನಾಡಿಕೊಳ್ಳುತ್ತದೆ.

ಬ್ರಿಟನ್ನಿಗೂ ಯೂರೋಪಿಗೂ ನಡೆದ ವ್ಯಾಜ್ಯದ ಮೂಲವು ಇದೇ ಎಂದು ನನ್ನ ತಿಳಿವಳಿಕೆ. ಬ್ರಿಟಿಷರು ತಮ್ಮ ಮನಸ್ಸಿನಲ್ಲಿ ಸೇರಿದ್ದು ಸಂಭೂಯಸಮುತ್ಥಾನಕ್ಕೆ. ಅವರ ಆಡುಮಾತಿನಲ್ಲಿ ಅದಕ್ಕಿದ್ದ ಹೆಸರೂ ಸಾಮಾನ್ಯ ಮಾರುಕಟ್ಟೆಯೆಂದೇ. ಉಳಿದವರು, ಮುಖ್ಯವಾಗಿ ಎರಡು ಯುದ್ಧಗಳಲ್ಲಿ ಊರು ಸುಟ್ಟುಕೊಂಡವರು, ಕಟ್ಟುತ್ತಿದ್ದುದು ಕುಟುಂಬವನ್ನು. ಯೂರೋಪಿನ ಜನಗಳು ದಿನದಿನಕ್ಕೆ ಹೆಚ್ಚು ಹತ್ತಿರವಾಗತಕ್ಕದ್ದೆಂದು ರೋಮಿನ ಕರಾರಿನ ಪೀಠಿಕೆಯಲ್ಲಿಯೇ ಬರೆದಿತ್ತು. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಆದರೆ ಪೀಠಿಕೆಯನ್ನು ಓದಿ ಅಂಗಡಿಗೆ ಹೋಗುವವರು ಯಾರು? 1992ರಲ್ಲಿ ಮಾಸ್ಟ್ರಿಕ್ಟ್ ನಗರದ ಕರಾರಿನಿಂದ ಒಕ್ಕೂಟವೆಂಬ ಹೆಸರೂ, ಸಮಾನ ಪೌರತ್ವವೂ, ಸಮಾನ ನಾಣ್ಯದ ಸಂಕಲ್ಪವೂ ಬಂದಾಗ ಬ್ರಿಟಿಷರಲ್ಲಿ ಅನೇಕರು ಅಂಗಡಿಯೆಂದು ಹೊಕ್ಕದ್ದು ಮನೆಯಾಗಿಬಿಟ್ಟಿತೆಂದು ಬೆಚ್ಚಿದರು. ನಾಣ್ಯ ಬೇಡವೆಂದರು, ಗಡಿಯ ತಪಾಸಣೆಯನ್ನು ತೆಗೆಯೆವೆಂದರು. 1984ರಲ್ಲಿಯೇ ಶ್ರೀಮತಿ ಥ್ಯಾಚರರು ತಮ್ಮ ದೇಶದ ವಂತಿಗೆಯಲ್ಲಿ ದೊಡ್ಡದೊಂದು ವಿನಾಯಿತಿಯನ್ನು ವಾದಿಸಿ ಪಡೆದಿದ್ದರು. ಒಂದೇ ಮನೆಯಲ್ಲಿದ್ದು ಬೇರೆ ಒಲೆ ಹೂಡಿಕೊಂಡಂತಾಯಿತು.

ಈಗ ಬಿಡಬೇಕೆಂಬುವರ ಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳುತ್ತೇನೆ. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಖಂಡಿಸುವುದು ವಾದವಲ್ಲ, ವಂಚನೆ. ಪಾಠಶಾಲೆಯಲ್ಲಿ ನಮಗೆ ಮೊದಲು ಕಲಿಸಿದ ಪಾಠ ಇದು. ಆ ಪಕ್ಷದ ಸಾರವು ಹಣವಲ್ಲ, ವಲಸೆಯೂ ಅಲ್ಲ. ಶಾಸನ ಮಾಡುವವನನ್ನು ಪ್ರಜೆಯು ಇಳಿಸಬಲ್ಲವನಾಗಿರಬೇಕು ಎಂಬುದು. ಇದಕ್ಕೆ ಒಂದು ದೃಷ್ಟಾಂತ ಕೊಡುತ್ತೇನೆ. ಸ್ಪೇಯಿನ್ ದೇಶದ ಬಂಡವಾಳದವರು ತಮ್ಮ ಮೀನುಗಾರಿಕೆಯ ಹಡಗುಗಳನ್ನು ಬ್ರಿಟನ್ನಿನಲ್ಲಿ ನೋಂದಾಯಿಸಿ, ಬ್ರಿಟನ್ನಿನ ಪಾಲಿಗೆ ಗೊತ್ತುಮಾಡಿದ್ದ ಮೀನನ್ನು ಹಿಡಿಯುತ್ತಿದ್ದರು. ಇದನ್ನು ತಡೆಯುವುದಕ್ಕೆ 1988ರಲ್ಲಿ ಪಾರ್ಲಿಮೆಂಟು ಒಂದು ಶಾಸನ ಮಾಡಿತು. ಹಡಗಿನವರು ದಾವಾ ಹೂಡಿದರು. ವ್ಯಾಜ್ಯವು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯದವರೆಗೆ ಹೋಗಿ ಬಂದು, ಕಡೆಗೆ 1990ರಲ್ಲಿ ಲಂಡನ್ನಿನ ಲಾರ್ಡ್ಸ್ ಸಭೆಯ ನ್ಯಾಯಾಧೀಶರೇ ತಮ್ಮ ಪಾರ್ಲಿಮೆಂಟಿನ ಶಾಸನವನ್ನು ಜಾರಿಗೆ ಬಾರದಂತೆ ತಡೆದರು. ಪಾರ್ಲಿಮೆಂಟಿಗಿಂತ ಮೇಲಾದ ಅಧಿಕಾರವಿಲ್ಲವೆಂಬ ನಂಬಿಕೆಯ ಮೇಲೆ ಮುನ್ನೂರು ವರ್ಷ ನಿಂತಿದ್ದ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಕಾರ್ನ್‌ವಾಲಿನ ಒಬ್ಬ ಬೆಸ್ತನು ತನ್ನ ಪ್ರತಿನಿಧಿಯನ್ನು ಕೇಳುತ್ತಾನೆ: ನಾನು ನಿನ್ನನ್ನು ಆರಿಸಿ ಕಳುಹಿಸಿದೆ, ನೀನು ಶಾಸನ ಮಾಡಿದೆ, ಅದು ನಡೆಯಲಿಲ್ಲ, ಹಾಗಾದರೆ ಯಾರನ್ನು ಸೋಲಿಸಿದರೆ ಅದು ನಡೆದೀತು? ಈ ಪ್ರಶ್ನೆಗೆ ಒಕ್ಕೂಟದ ಪರವಾದಿಗಳು ನೆಟ್ಟಗೆ ಉತ್ತರ ಹೇಳಿದುದನ್ನು ನಾನು ಓದಿಲ್ಲ.

ಅವರು ಹೇಳುವುದೇನೆಂದರೆ, ಒಕ್ಕೂಟದಲ್ಲಿಯೂ ಪಾರ್ಲಿಮೆಂಟು ಉಂಟು, 1979ರಿಂದ ಪ್ರಜೆಗಳೇ ಅದನ್ನು ನೇರವಾಗಿ ಆರಿಸುತ್ತಾರೆ, ಬ್ರಿಟನ್ನಿಗೆ ಅದರಲ್ಲಿ 73 ಸ್ಥಾನಗಳಿದ್ದುವು. ಮಂತ್ರಿಗಳ ಸಭೆಯಲ್ಲಿ ಬ್ರಿಟನ್ನಿನ ಮಂತ್ರಿಯೂ ಕುಳಿತಿದ್ದನು ಎಂದು. ಇದು ನಿಜ. ಆದರೆ ಆ ಪಾರ್ಲಿಮೆಂಟಿನಲ್ಲಿ ಒಟ್ಟು ಸ್ಥಾನಗಳು 751. ಮಸೂದೆಯನ್ನು ಮಂಡಿಸುವ ಅಧಿಕಾರವೋ ಸಾಮಾನ್ಯವಾಗಿ ಕಮಿಷನ್ನಿನದು. ಕಮಿಷನ್ನಿನವರನ್ನು ಪ್ರಜೆಗಳು ಆರಿಸುವುದಿಲ್ಲ. ಬೆಸ್ತನ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಇದನ್ನು ಬರೆಯುವಾಗ ನನಗೆ ಒಂದು ಸಂಕೋಚವೂ ಆಗುತ್ತದೆ, ಒಂದು ನಗುವೂ ಬರುತ್ತದೆ. ಬಿಡಬೇಕೆಂದವರ ನಾಯಕರಲ್ಲೊಬ್ಬರು ಗೆದ್ದ ದಿನವನ್ನು ಸ್ವಾತಂತ್ರ್ಯದಿನವೆಂದು ಸಾರಿದರು. ನಮ್ಮನ್ನು ಎರಡು ಶತಮಾನ ಆಳಿದವರ ಬಾಯಲ್ಲಿ ಆ ಮಾತನ್ನು ಕೇಳುವ ಭಾಗ್ಯ ನಮ್ಮ ತಲೆಮಾರಿಗೆ ಬಂದಿತು! ಆದರೆ ಅದು ಹೊಂದುವ ಮಾತಲ್ಲ. ನಮ್ಮನ್ನು ಯಾರೂ ಕೇಳಿ ಆಳಲಿಲ್ಲ. ಅವರು ಎರಡು ಸಲ ಅರ್ಜಿ ಹಾಕಿ, ಕಾದು, ತಮ್ಮ ಪಾರ್ಲಿಮೆಂಟಿನ ಒಪ್ಪಿಗೆ ಪಡೆದು ಒಳಗೆ ಹೋದವರು. ಮುಖ್ಯವಾದ ಅನೇಕ ವಿಷಯಗಳಲ್ಲಿ ಒಲ್ಲೆನೆನ್ನುವ ಹಕ್ಕನ್ನು ಕೊನೆಯವರೆಗೂ ಇಟ್ಟುಕೊಂಡಿದ್ದವರು. ಹೊರಡುವ ಬಾಗಿಲೂ ತೆರೆದೇ ಇತ್ತು: 2009ರಿಂದ ಜಾರಿಯಲ್ಲಿರುವ ಲಿಸ್ಬನ್ ಕರಾರಿನ 50ನೆಯ ವಿಧಿಯಲ್ಲಿ ಬಿಟ್ಟುಹೋಗುವ ಕ್ರಮವನ್ನೇ ಬರೆದಿಟ್ಟಿದ್ದಾರೆ. ಬೀಗವಿಲ್ಲದ ಮನೆಯನ್ನು ಸೆರೆಮನೆಯೆಂದು ಕರೆಯಲಾಗದು. ಆದರೂ ಒಂದು ಮಾತಿನಲ್ಲಿ ನಾವು ಅವರ ನೋವನ್ನು ಇತರರಿಗಿಂತ ಚೆನ್ನಾಗಿ ಅರಿಯಬಲ್ಲೆವು. ಇರಬೇಕೆಂದವರ ಪಕ್ಷವು ಪ್ರಚಾರದ ಉದ್ದಕ್ಕೂ, ಬಿಟ್ಟರೆ ಬಡವರಾಗುತ್ತೀರಿ, ನಿಮ್ಮಿಂದ ನಿಭಾಯಿಸಲಾಗದು ಎಂದಿತು. ಸ್ವರಾಜ್ಯ ಕೇಳಿದ ನಮ್ಮ ಹಿರಿಯರಿಗೂ ಇದೇ ಮಾತನ್ನು ಹೇಳುತ್ತಿದ್ದರು. ಬಡವನಾದೇನು, ನನ್ನ ಮನೆಯ ಯಜಮಾನಿಕೆ ನನ್ನದಾಗಲಿ ಎನ್ನುವವನಿಗೆ ಆದಾಯದ ಲೆಕ್ಕ ತೋರಿಸುವುದು ಉತ್ತರವಲ್ಲ.

ಇರಬೇಕೆಂಬ ಪಕ್ಷಕ್ಕೆ ಇದಕ್ಕಿಂತ ಮೇಲಾದ ಉತ್ತರವಿತ್ತು. ಅದನ್ನು ಅವರು ಗಟ್ಟಿಯಾಗಿ ಹೇಳಲಿಲ್ಲವೆಂಬುದೇ ವಿಷಾದ. ಒಬ್ಬನೇ ಮಾಡಲಾಗದ ಕೆಲಸಗಳು ರಾಜ್ಯಗಳಿಗೂ ಉಂಟು. ಸಮುದ್ರದ ಮೀನಿಗೆ ಗಡಿ ಗೊತ್ತಿಲ್ಲ. ಗಾಳಿಯ ಮಲಿನತೆಗೆ ರಹದಾರಿ ಬೇಡ. ದೊಡ್ಡ ವಾಣಿಜ್ಯಸಂಸ್ಥೆಗಳು ಸಣ್ಣ ದೇಶದ ಶಾಸನವನ್ನು ಲೆಕ್ಕಿಸುವುದಿಲ್ಲ. ಇಂಥ ವಿಷಯಗಳಲ್ಲಿ ಅಧಿಕಾರವನ್ನು ಇತರರೊಡನೆ ಹಂಚಿಕೊಂಡವನು ಅದನ್ನು ಕಳೆದುಕೊಳ್ಳುವುದಿಲ್ಲ; ಇಲ್ಲದಿದ್ದುದನ್ನು ಪಡೆಯುತ್ತಾನೆ. ನಾಲ್ಕು ಮನೆಯವರು ಕೂಡಿ ಕೆರೆ ಕಟ್ಟಿದರೆ ತೂಬು ತೆರೆಯುವುದಕ್ಕೆ ನಾಲ್ವರ ಒಪ್ಪಿಗೆ ಬೇಕಾಗುತ್ತದೆ. ಆದರೆ ಒಬ್ಬಂಟಿಯಾಗಿದ್ದಾಗ ತೆರೆಯುವುದಕ್ಕೆ ತೂಬೇ ಇರಲಿಲ್ಲವಷ್ಟೆ. ಹೊರಗೆ ಹೋದವನು ಕೆರೆಯ ಕೆಳಗೇ ಬೇಸಾಯ ಮಾಡುವುದಾದರೆ ನೀರಿನ ಕಟ್ಟಳೆಗೆ ಬದ್ಧನೇ. ಕಟ್ಟಳೆ ಮಾಡುವ ಸಭೆಯಲ್ಲಿ ಮಾತ್ರ ಅವನಿಗೆ ಜಾಗವಿಲ್ಲ. 1972ರಲ್ಲಿ ಒಮ್ಮೆ, 1994ರಲ್ಲಿ ಮತ್ತೊಮ್ಮೆ ಸೇರಲು ಒಲ್ಲೆವೆಂದ ನಾರ್ವೆ ದೇಶದ ಸ್ಥಿತಿಯು ಹೆಚ್ಚುಕಡಮೆ ಹೀಗೆಯೇ ಇದೆ. ಬ್ರಿಟನ್ನಿನಿಂದ ಹೊರಕ್ಕೆ ಹೋಗುತ್ತಿದ್ದ ಸರಕುಸೇವೆಗಳಲ್ಲಿ ಜನಮತದ ಹೊತ್ತಿಗೆ ನೂರಕ್ಕೆ ಸುಮಾರು 44 ಪಾಲು ಒಕ್ಕೂಟದ ದೇಶಗಳಿಗೇ ಹೋಗುತ್ತಿತ್ತು. ಆ ಸರಕು ಇಂದಿಗೂ ಅಲ್ಲಿಯ ನಿಯಮಗಳಿಗೆ ತಕ್ಕಂತೆಯೇ ಇರಬೇಕು. ಅದರ ಮೇಲೆ ಶಾಂತಿಯೆಂಬ ದೊಡ್ಡ ಫಲ. ಮೂರು ಸಲ ಕಾದಾಡಿದ ಆ ಎರಡು ದೇಶಗಳ ನಡುವೆ ಇನ್ನೊಂದು ಯುದ್ಧವಾದೀತೆಂದು ಇಂದು ಯಾವನೂ ಕನಸಿನಲ್ಲಿಯೂ ಎಣಿಸುವುದಿಲ್ಲ. ಇದನ್ನು ಪೌಂಡು ಪೆನ್ಸುಗಳಲ್ಲಿ ಅಳೆಯುವುದು ಹೇಗೆ?

ಅಳೆಯಲು ಹೊರಟವರು ಎರಡು ಕಡೆಯೂ ಇದ್ದರು. ವಾರಕ್ಕೆ 35 ಕೋಟಿ ಪೌಂಡು ಒಕ್ಕೂಟಕ್ಕೆ ಹೋಗುತ್ತಿದೆಯೆಂದು ಬಿಡುವ ಪಕ್ಷದವರು ಒಂದು ಬಸ್ಸಿನ ಮೈಮೇಲೆ ಬರೆಸಿ ದೇಶವೆಲ್ಲ ತಿರುಗಿಸಿದರು. ಥ್ಯಾಚರರು ಪಡೆದ ವಿನಾಯಿತಿಯನ್ನು ಅದರಲ್ಲಿ ಕಳೆದಿರಲಿಲ್ಲ. ಅಂಕಿಗಳ ಮೇಲ್ವಿಚಾರಣೆಯ ಸರಕಾರೀ ಸಂಸ್ಥೆಯೇ ಆಕ್ಷೇಪಿಸಿದರೂ ಬಸ್ಸು ನಿಲ್ಲಲಿಲ್ಲ. ಇತ್ತ ಸರಕಾರದ ಖಜಾನೆಯವರು ಬಿಡಬೇಕೆಂದು ಮತ ಬಿದ್ದೊಡನೆಯೇ ದೇಶಕ್ಕೆ ಆರ್ಥಿಕ ಕುಸಿತ ಬರುವುದೆಂದು ಹೆದರಿಸಿದರು. ಪೌಂಡಿನ ಬೆಲೆ ಬಿದ್ದಿತಾದರೂ ಆ ವರ್ಷ ಅಂಥ ಕುಸಿತ ಬರಲಿಲ್ಲ. ಸುಳ್ಳಿನಿಂದ ಗೆಲ್ಲುವುದೂ ಭಯದಿಂದ ಗೆಲ್ಲಲು ನೋಡುವುದೂ ಒಂದೇ ಜಾತಿಯವು. ಎರಡೂ ಮತದಾರನನ್ನು ವಿಚಾರಶಕ್ತಿಯಿಲ್ಲದವನೆಂದು ಬಗೆಯುತ್ತವೆ.

ಹಾಗಾದರೆ ಹೊರಡುವ ಹಕ್ಕಿತ್ತೇ? ಇತ್ತೆಂದೇ ನನ್ನ ನಿರ್ಣಯ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಒಂದು ಧೈರ್ಯದ ಮಾತು ಹೇಳಿದ್ದಾನೆ. ತಾತನಿಂದ ಬಂದ ಆಸ್ತಿಯಲ್ಲಿ ತಂದೆಗೆ ಇಷ್ಟವಿಲ್ಲದಿದ್ದರೂ ಮಗನ ಇಚ್ಛೆಯಿಂದ ವಿಭಾಗವಾಗಬಹುದು ಎಂಬುದೇ ಆ ಮಾತು. ಕುಟುಂಬವನ್ನು ಅಷ್ಟು ಗೌರವಿಸಿದ ಶಾಸ್ತ್ರವು ಅದರಿಂದ ಹೊರಡುವವನನ್ನು ಕಟ್ಟಿಹಾಕಲಿಲ್ಲ. ಬಿಡಲಾಗದ ಕೂಟದಲ್ಲಿ ಇರುವವನು ಪ್ರೀತಿಯಿಂದ ಇದ್ದಾನೆಂದು ತಿಳಿಯುವುದು ಹೇಗೆ? ನಮ್ಮ ಭಾರತದ ಒಕ್ಕೂಟದಲ್ಲಿ ಪ್ರಾಂತಗಳಿಗೆ ಈ ಹಕ್ಕಿಲ್ಲವಲ್ಲ ಎಂದು ವಾಚಕರು ಕೇಳಬಹುದು. ಅದಕ್ಕೆ ಡಾಕ್ಟರ್ ಅಂಬೇಡ್ಕರರು 1948ರ ನವೆಂಬರಿನಲ್ಲಿ ಸಂವಿಧಾನಸಭೆಯಲ್ಲಿಯೇ ಕಾರಣ ಕೊಟ್ಟಿದ್ದಾರೆ: ನಮ್ಮದು ಪ್ರಾಂತಗಳು ತಮ್ಮತಮ್ಮಲ್ಲಿ ಕರಾರು ಮಾಡಿಕೊಂಡು ಹುಟ್ಟಿಸಿದ ಕೂಟವಲ್ಲ. ಐರೋಪ್ಯ ಒಕ್ಕೂಟವು ಕರಾರಿನಿಂದಲೇ ಹುಟ್ಟಿದುದು. ಕರಾರಿನಿಂದ ಕೂಡಿದುದನ್ನು ಕರಾರಿನ ಕ್ರಮದಿಂದ ಬಿಡಬಹುದು.

ಮತಗಳ ಅಂತರವು ತೀರ ಕಡಮೆಯಾಗಿತ್ತೆಂದು ಅನೇಕರು ದೂರುತ್ತಾರೆ. ಬಿಡಬೇಕೆಂದವರು 1,74,10,742, ಇರಬೇಕೆಂದವರು 1,61,41,241. ನೂರಕ್ಕೆ 52, ನೂರಕ್ಕೆ 48. ನಮ್ಮ ಸಂವಿಧಾನದ ಒಂದು ವಿಧಿಯನ್ನು ತಿದ್ದಲು ಸಭೆಯಲ್ಲಿ ಮತಹಾಕಿದವರ ಮೂರರಲ್ಲಿ ಎರಡು ಪಾಲು ಬೇಕು. ಇಷ್ಟು ದೊಡ್ಡ ಕಾರ್ಯಕ್ಕೆ ಇಷ್ಟೇ ಸಾಕೇ ಎನ್ನುತ್ತಾರೆ. ನನಗೂ ಮೊದಮೊದಲು ಹಾಗೆಯೇ ಅನಿಸಿತ್ತು. ಆದರೆ 1972ರಲ್ಲಿ ಸೇರುವ ಮಸೂದೆಯ ಎರಡನೆಯ ವಾಚನವು ಕಾಮನ್ಸ್ ಸಭೆಯಲ್ಲಿ 309ಕ್ಕೆ 301ರಂತೆ, ಕೇವಲ ಎಂಟು ಮತಗಳಿಂದ ಗೆದ್ದದ್ದೆಂದು ತಿಳಿದ ಮೇಲೆ ಆ ಆಕ್ಷೇಪವನ್ನು ಕೈಬಿಟ್ಟೆನು. ಒಳಕ್ಕೆ ಬರುವುದಕ್ಕೆ ಎಂಟು ಮತ ಸಾಕಾದರೆ, ಹೊರಕ್ಕೆ ಹೋಗಲು ಹನ್ನೆರಡು ಲಕ್ಷಕ್ಕೆ ಮೇಲ್ಪಟ್ಟ ಅಂತರ ಸಾಲದೆನ್ನುವುದು ಇಲಿಬೋನಿನ ನ್ಯಾಯ.

ದೋಷವಿದ್ದುದು ಸಂಖ್ಯೆಯಲ್ಲಲ್ಲ, ಪ್ರಶ್ನೆಯಲ್ಲಿ. ಬಿಡುವಿರಾ ಎಂದು ಕೇಳಿದರು. ಬಿಟ್ಟು ಎಲ್ಲಿಗೆ ಹೋಗುವಿರಿ ಎಂದು ಕೇಳಲಿಲ್ಲ. ನಾರ್ವೆಯಂತೆ ಮಾರುಕಟ್ಟೆಯ ಒಳಗಿರುವುದೋ, ಕೆನಡಾದಂತೆ ದೂರದ ಕರಾರು ಮಾಡಿಕೊಳ್ಳುವುದೋ, ಯಾವುದೂ ಇಲ್ಲದೆ ಬರಿಗೈಯಲ್ಲಿ ಹೊರಬೀಳುವುದೋ? ಒಂದು ಕೋಟಿ ಎಪ್ಪತ್ತು ಲಕ್ಷ ಜನಕ್ಕೆ ನೇತಿ ಎಂಬುದರಲ್ಲಿ ಒಮ್ಮತವಿತ್ತು, ಇತಿ ಎಂಬುದರಲ್ಲಿ ಇರಲಿಲ್ಲ. ಬ್ರಹ್ಮವಿಚಾರಕ್ಕೆ ಆ ಮಾರ್ಗ ಯೋಗ್ಯವಾದುದು, ರಾಜ್ಯವಿಚಾರಕ್ಕೆ ಸಾಲದು. ಇದರ ಫಲವಾಗಿ 2019ನೆಯ ಇಸವಿ ಜನವರಿಯಲ್ಲಿ ಪ್ರಧಾನಮಂತ್ರಿ ಥೆರೇಸಾ ಮೇಯವರು ತಂದ ಒಪ್ಪಂದವನ್ನು ಕಾಮನ್ಸ್ ಸಭೆಯು 432ಕ್ಕೆ 202ರಂತೆ ತಳ್ಳಿಬಿಟ್ಟಿತು. ಬಿಡುವ ಪಕ್ಷದವರೂ ಇರುವ ಪಕ್ಷದವರೂ ಕೂಡಿಯೇ ತಳ್ಳಿದರು. ಹೊರಡುವ ದಿನವನ್ನು ಮೂರು ಸಲ ಮುಂದಕ್ಕೆ ಹಾಕಿದರು. ಮೂಟೆ ಕಟ್ಟಿ ಬಾಗಿಲಲ್ಲಿ ನಿಂತವನು ಯಾವ ಊರಿನ ಗಾಡಿ ಹತ್ತಬೇಕೆಂದು ಮನೆಯವರೊಡನೆ ಜಗಳವಾಡಿದ ಹಾಗಾಯಿತು.

ಹಕ್ಕಿನ ಜೊತೆಗೆ ಶಾಸ್ತ್ರವು ಕರ್ತವ್ಯಗಳನ್ನೂ ಇಟ್ಟಿದೆ. ಆಸ್ತಿಯನ್ನು ಹಂಚಿಕೊಳ್ಳುವವರು ಸಾಲವನ್ನೂ ಸಮವಾಗಿ ಹಂಚಿಕೊಳ್ಳಬೇಕೆಂದು ಯಾಜ್ಞವಲ್ಕ್ಯನ ಆದೇಶ. ಒಂದು ಕಾಸನ್ನೂ ಕೊಡಬೇಕಾಗಿಲ್ಲವೆಂದು ಮೊದಲು ಗರ್ಜಿಸಿದವರು ಉಂಟು. ಆದರೆ 2017ರ ಕೊನೆಗೆ ಬ್ರಿಟಿಷ್ ಸರಕಾರವು ತನ್ನ ಪಾಲಿನ ಹೊಣೆ 3500ರಿಂದ 3900 ಕೋಟಿ ಪೌಂಡುಗಳೆಂದು ಅಂದಾಜುಮಾಡಿ ಒಪ್ಪಿಕೊಂಡಿತು. ಇದು ಅವರಿಗೆ ಗೌರವವನ್ನೇ ತರುತ್ತದೆ. ಮತ್ತೊಂದು ಕರ್ತವ್ಯ ಇದಕ್ಕಿಂತ ಸೂಕ್ಷ್ಮವಾದುದು. ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ತಂಗಿಯ ಸಂಸ್ಕಾರಕ್ಕೆ ತಮ್ಮ ಪಾಲಿನಿಂದ ಕೊಡತಕ್ಕದ್ದು. ಅರ್ಥಾತ್, ವಿಭಾಗದ ಮಾತಿನಲ್ಲಿ ಯಾರ ಧ್ವನಿ ಇಲ್ಲವೋ ಅವರ ಯೋಗಕ್ಷೇಮವು ಮೊದಲು. ಬ್ರಿಟನ್ನಿನ ವಿಭಾಗದಲ್ಲಿ ಅಂಥ ತಂಗಿಯರು ಯಾರು?

ಉತ್ತರ ಐರ್ಲೆಂಡು ಒಬ್ಬಳು. ಅಲ್ಲಿ ಮೂವತ್ತು ವರ್ಷ ನಡೆದ ಕಲಹದಲ್ಲಿ ಮೂರೂವರೆ ಸಾವಿರ ಜನ ಸತ್ತಿದ್ದರು. 1998ರ ಒಪ್ಪಂದದಿಂದ ಶಾಂತಿ ಬಂದಿತು. ಎರಡು ಐರ್ಲೆಂಡುಗಳೂ ಒಂದೇ ಒಕ್ಕೂಟದಲ್ಲಿದ್ದುದರಿಂದ ನಡುವಿನ ಗಡಿಯು ಕಣ್ಣಿಗೆ ಕಾಣದಷ್ಟು ಅಳಿಸಿಹೋಗಿತ್ತು. ಈ ಕಡೆಯ ರೈತನ ಹಸು ಆ ಕಡೆ ಮೇಯುತ್ತಿತ್ತು. ಉತ್ತರ ಐರ್ಲೆಂಡಿನವರು ನೂರಕ್ಕೆ 56 ಮಂದಿ ಇರಬೇಕೆಂದೇ ಮತ ಕೊಟ್ಟರು. ಇಂಗ್ಲೆಂಡಿನ ಬೀದಿಗಳಲ್ಲಿ ನಡೆದ ಪ್ರಚಾರದಲ್ಲಿ ಈ ಗಡಿಯ ಮಾತು ಎಷ್ಟು ಬಂದಿತೆಂದು ಹುಡುಕಿದರೆ ನಾಚಿಕೆಯಾಗುತ್ತದೆ. ಕಡೆಗೆ ಗಡಿಯನ್ನು ನೆಲದ ಮೇಲೆ ಹಾಕಲಾರದೆ ಸಮುದ್ರದ ಮೇಲೆ ಹಾಕಿದರು: ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವ ಸರಕಿಗೆ ತಪಾಸಣೆ ಬಂದಿತು. ಇದನ್ನು ಒಪ್ಪದ ಪಕ್ಷವೊಂದು ಹೊರಗುಳಿದುದರಿಂದ 2022ರಿಂದ 2024ರವರೆಗೆ ಎರಡು ವರ್ಷ ಅಲ್ಲಿಯ ಮಂತ್ರಿಮಂಡಲವೇ ನಡೆಯಲಿಲ್ಲ. 2023ರಲ್ಲಿ ವಿಂಡ್ಸರಿನಲ್ಲಿ ಮಾಡಿಕೊಂಡ ಏರ್ಪಾಟಿನಿಂದ ಬಿಗಿ ಸ್ವಲ್ಪ ಸಡಿಲಾಯಿತು.

ಸ್ಕಾಟ್ಲೆಂಡಿನ ವಿಷಯ ಬೇರೆ ರೀತಿಯದು. ಅಲ್ಲಿಯವರು ನೂರಕ್ಕೆ 62 ಮಂದಿ ಇರಬೇಕೆಂದರು. 2014ರಲ್ಲಿ ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು ಅವರನ್ನು ಕೇಳಿದ್ದಾಗ, ಬೇರೆಯಾದರೆ ಐರೋಪ್ಯ ಒಕ್ಕೂಟದಲ್ಲಿ ಜಾಗ ತಪ್ಪೀತೆಂದು ಹೇಳಿಯೇ ಅವರನ್ನು ಉಳಿಸಿಕೊಂಡಿದ್ದರು. ಈಗ ಮತ್ತೊಮ್ಮೆ ಕೇಳಿ ಎಂದರೆ, ಲಂಡನ್ನಿನ ಅನುಮತಿಯಿಲ್ಲದೆ ಹಾಗೆ ಮತ ಕೇಳುವ ಅಧಿಕಾರ ನಿಮ್ಮ ಸಭೆಗಿಲ್ಲವೆಂದು 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಕಾನೂನಿನಂತೆ ಅದು ಸರಿಯಾದ ತೀರ್ಪೇ ಇರಬಹುದು. ಆದರೆ ತನಗೆ ತೆರೆದಿದ್ದ ಬಾಗಿಲಿನಿಂದ ಹೊರಬಂದವನು ತನ್ನ ಮನೆಯ ಬಾಗಿಲಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವುದನ್ನು ನೋಡಿದರೆ ಸ್ವಾತಂತ್ರ್ಯದ ಮಾತಿನ ಮೇಲೆ ಸ್ವಲ್ಪ ಸಂಶಯ ಬರುತ್ತದೆ.

ಮೂರನೆಯವರು, ಆ ದೇಶದಲ್ಲಿ ನೆಲೆಸಿದ್ದ ಒಕ್ಕೂಟದ ಇತರ ದೇಶಗಳ ಪ್ರಜೆಗಳು. ಸುಮಾರು ಮೂವತ್ತು ಲಕ್ಷ ಜನ. ಅವರಿಗೆ ಈ ಜನಮತದಲ್ಲಿ ಮತವಿರಲಿಲ್ಲ. ಐರ್ಲೆಂಡು, ಮಾಲ್ಟಾ, ಸೈಪ್ರಸ್ಸುಗಳವರನ್ನು ಬಿಟ್ಟರೆ, ಇಪ್ಪತ್ತು ವರ್ಷ ತೆರಿಗೆ ಕೊಟ್ಟವನಿಗೂ ಇರಲಿಲ್ಲ. ಆದರೆ ಕಾಮನ್ವೆಲ್ತಿನ ಪ್ರಜೆಗಳಿಗೆ ಇತ್ತು. ನಿನ್ನೆಮೊನ್ನೆ ಇಳಿದ ಭಾರತೀಯನೂ, ಭಾರತದ ರಹದಾರಿಯನ್ನೇ ಇಟ್ಟುಕೊಂಡು, ಬ್ರಿಟನ್ ಯೂರೋಪಿನಲ್ಲಿರಬೇಕೇ ಬೇಡವೇ ಎಂದು ಮತ ಹಾಕಬಹುದಾಗಿತ್ತು. ಹಳೆಯ ಸಾಮ್ರಾಜ್ಯದ ಒಂದು ವಿಚಿತ್ರ ಶೇಷ!

ನನ್ನ ಸ್ವಂತ ಕಾರಣವು ಇಲ್ಲಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆಗ ಮಧ್ಯ ಇಂಗ್ಲೆಂಡಿನ ಒಂದು ಊರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದನು. ಜನಮತಕ್ಕೆ ಒಂದು ವಾರ ಮೊದಲು ಟೆಲಿಫೋನು ಮಾಡಿ, “ಮೇಷ್ಟ್ರೇ, ನನಗೂ ಓಟು ಕೊಟ್ಟಿದ್ದಾರೆ. ನಾನು ಬಂದು ಮೂರು ವರ್ಷವಾಯಿತು, ಅಷ್ಟೆ. ನನ್ನ ಜೊತೆ ಅದೇ ಮನೆಯಲ್ಲಿ ಪೋಲೆಂಡಿನ ಒಬ್ಬ ಬಡಗಿ ಇದ್ದಾನೆ. ಅವನು ಬಂದು ಹತ್ತು ವರ್ಷ. ಅವನಿಗೆ ಓಟಿಲ್ಲ. ನಾನು ಹಾಕುವುದು ಸರಿಯೇ?” ಎಂದು ಕೇಳಿದನು. ನಾನು ಆ ಸಾಯಂಕಾಲ ಬೇರೇನೋ ಕೆಲಸದಲ್ಲಿದ್ದೆ. ಕಾನೂನು ಕೊಟ್ಟ ಅಧಿಕಾರವನ್ನು ಬಳಸಲು ಸಂಕೋಚವೇಕೆ, ನಿನ್ನ ಹಿತವನ್ನು ನೋಡಿಕೊಂಡು ಹಾಕು ಎಂದೆನು. ಅವನು ತನ್ನ ಹಿತವನ್ನು ನೋಡಿಕೊಂಡನು. ಯೂರೋಪಿನವರ ಬರವು ಕಡಮೆಯಾದರೆ ನಮ್ಮ ಕಡೆಯವರಿಗೆ ದಾರಿ ಅಗಲವಾಗುವುದೆಂದು ಬಿಡುವ ಪಕ್ಷದ ಕೆಲವರು ಆಗ ಹೇಳುತ್ತಿದ್ದರು. ಬಿಡಬೇಕೆಂದು ಗುರುತು ಹಾಕಿ ಬಂದನು. ಅವರ ಮಾತು ಸುಳ್ಳಾಗಲಿಲ್ಲವೆಂಬುದನ್ನೂ ಹೇಳಬೇಕು: ವಲಸೆಯನ್ನು ಕಡಮೆಮಾಡುವೆವೆಂದು ಬಿಟ್ಟ ದೇಶಕ್ಕೆ 2023ರ ಜೂನಿಗೆ ಮುಗಿದ ಒಂದು ವರ್ಷದಲ್ಲಿ, ಹೋದವರನ್ನು ಕಳೆದು, ಒಂಬತ್ತು ಲಕ್ಷ ಜನ ಬಂದರು. ಅವರಲ್ಲಿ ಭಾರತೀಯರೇ ಬಹಳ.

ಪೋಲೆಂಡಿನವನನ್ನು ಯಾರೂ ಹೊರಕ್ಕೆ ತಳ್ಳಲಿಲ್ಲ. ಅರ್ಜಿ ಹಾಕಿಕೊಂಡವರಿಗೆ ಇರುವ ಹಕ್ಕನ್ನು ಸರಕಾರ ಕೊಟ್ಟಿತು. ಆದರೆ ಅರ್ಜಿ ಹಾಕದೆ ಇರುತ್ತಿದ್ದ ಮನೆಯಲ್ಲಿ ಅರ್ಜಿ ಹಾಕಿ ಇರಬೇಕಾಗಿ ಬಂದುದು ಅವನ ಮನಸ್ಸಿಗೆ ಹಿಡಿಸಲಿಲ್ಲ. 2018ರಲ್ಲಿ ಹೊರಟುಹೋದನು. “ಹೊರಡುವ ದಿನ ನನ್ನ ಕೈಹಿಡಿದು ಎಷ್ಟೋ ಹೊತ್ತು ಮಾತನಾಡಿದ, ಮೇಷ್ಟ್ರೇ. ನೀನು ಯಾವ ಕಡೆ ಹಾಕಿದೆ ಎಂದು ಮಾತ್ರ ಕೇಳಲಿಲ್ಲ” ಎಂದು ಶಿಷ್ಯನು ಆಮೇಲೆ ಹೇಳಿದನು. ನನ್ನ ಸಲಹೆಯಲ್ಲಿ ಕಾನೂನಿನ ತಪ್ಪಿರಲಿಲ್ಲ. ನಲವತ್ತು ವರ್ಷ ಧರ್ಮಸೂಕ್ಷ್ಮವೆಂದರೇನೆಂದು ಮಕ್ಕಳಿಗೆ ಹೇಳಿಕೊಟ್ಟವನು ಕೊಡತಕ್ಕ ಸಲಹೆ ಅದಾಗಿರಲಿಲ್ಲ. ಪಕ್ಕದ ಕೋಣೆಯವನನ್ನು ಕೇಳಿ ಬಾ ಎಂದಾದರೂ ಹೇಳಬಹುದಾಗಿತ್ತು.

ಈಗ ಬ್ರಿಟನ್ನಿನಲ್ಲಿ ಬಿಟ್ಟದ್ದು ತಪ್ಪಾಯಿತೆನ್ನುವವರೇ ಹೆಚ್ಚೆಂದು ಅಭಿಪ್ರಾಯಸಂಗ್ರಹಗಳು ಹೇಳುತ್ತಿವೆ. ಒಕ್ಕೂಟದಲ್ಲಿಯೇ ಉಳಿದಿದ್ದರೆ ಆಗುತ್ತಿದ್ದುದಕ್ಕಿಂತ ದೇಶದ ಉತ್ಪಾದಕಶಕ್ತಿಯು ಕಾಲಕ್ರಮದಲ್ಲಿ ನೂರಕ್ಕೆ 4 ಪಾಲು ಕಡಮೆಯಾಗುವುದೆಂದು ಅಲ್ಲಿಯ ಆಯವ್ಯಯದ ಅಧಿಕೃತ ಪರಿಶೀಲಕರ ಅಂದಾಜು. 2024ರಿಂದ ವಿಜ್ಞಾನಸಂಶೋಧನೆಯ ಸಮಾನ ಯೋಜನೆಗೆ ಬ್ರಿಟನ್ ಮತ್ತೆ ಸೇರಿದೆ. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಎರಡು ಕಡೆಯವರೂ ಕುಳಿತು, ಒಕ್ಕೂಟದವರ ಹಡಗುಗಳು ಬ್ರಿಟನ್ನಿನ ನೀರಿನಲ್ಲಿ 2038ರವರೆಗೆ ಮೀನು ಹಿಡಿಯಬಹುದೆಂದು ಒಪ್ಪಿದರು. ಕಾರ್ನ್‌ವಾಲಿನ ಬೆಸ್ತನು ಇದಕ್ಕೆ ಏನೆಂದನೋ! ಮತ್ತೆ ಸೇರೋಣವೆನ್ನುವವರೂ ಹೊರಟಿದ್ದಾರೆ. ಶಾಸ್ತ್ರವು ಇದನ್ನೂ ಬಿಟ್ಟಿಲ್ಲ. ಪಾಲಾದವರು ಮರಳಿ ಕೂಡುವುದಕ್ಕೆ ಸಂಸೃಷ್ಟಿಯೆಂದು ಹೆಸರು. ಅದು ಯಾರೊಡನೆ ಬೇಕಾದರೂ ಆಗತಕ್ಕದ್ದಲ್ಲ. ತಂದೆ, ಸೋದರ, ಚಿಕ್ಕಪ್ಪ ದೊಡ್ಡಪ್ಪಂದಿರೊಡನೆ ಮಾತ್ರ. ಬೃಹಸ್ಪತಿಯು ಅದಕ್ಕೆ ಇನ್ನೊಂದು ಷರತ್ತನ್ನೂ ಸೇರಿಸಿದ್ದಾನೆ: ಪ್ರೀತಿಯಿಂದ ಕೂಡಿರಬೇಕು ಎಂದು. ಲೆಕ್ಕ ಹಾಕಿ ಕೂಡಿದರೆ ಅದು ಮತ್ತೆ ಸಂಭೂಯಸಮುತ್ಥಾನವೇ. ಥ್ಯಾಚರರ ವಿನಾಯಿತಿ, ಬೇರೆ ನಾಣ್ಯ, ಬೇರೆ ಒಲೆ, ಇವು ಎರಡನೆಯ ಸಲ ಸಿಕ್ಕುವುವೆಂದು ನಾನು ನಂಬುವುದಿಲ್ಲ.

ನನ್ನ ಶಿಷ್ಯನು ಈಗ ಆ ದೇಶದ ಪ್ರಜೆಯಾಗಿದ್ದಾನೆ. ಮದುವೆಯಾಗಿ ಎರಡು ಮಕ್ಕಳಿದ್ದಾರೆ. ಕಳೆದ ದೀಪಾವಳಿಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದು, ಮತ್ತೆ ಸೇರುವ ಪ್ರಶ್ನೆ ಬಂದರೆ ಈ ಸಲ ಏನು ಮಾಡಲಿ ಎಂದು ಕೇಳಿದನು. ಆ ಬಡಗಿಯ ವಿಳಾಸ ನಿನ್ನಲ್ಲಿದೆಯೇ ಎಂದೆನು. ಎಲ್ಲಿಯೋ ಬರೆದಿಟ್ಟಿದ್ದೇನೆ, ಹುಡುಕುತ್ತೇನೆ ಎಂದು ಹೇಳಿ ಹೋಗಿದ್ದಾನೆ.